ಗಾಯಕ್ಕೆ ಎಣ್ಣೆ: ಎಂದು ಹಿತ, ಎಂದು ಅಹಿತ?

“ಸರ್, ಆಪರೇಷನ್ ಆದ ಗಾಯಕ್ಕ ಕುಸುಬಿ ಎಣ್ಣಿ ಹಚ್ಚಿದ್ರ ಲಗು ಮಾಯ್ತದಂತ ನಮ್ಮ ಆಯಿ ಅಂತಾಳ. ಡಾಕ್ಟರ್ ಏನೂ ಹಚ್ಚಬ್ಯಾಡ್ರಿ ಅಂದಾರ. ಯಾರ ಮಾತ ಕೇಳಬೇಕ್ರಿ?”

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗಂಟೆ ಹೊಡೆದ ಮೇಲೆ ಮೇಜಿನ ಬಳಿ ಬಂದು ಕೇಳಿದ ಪ್ರಶ್ನೆ ಇದು. ಅವನ ತಂದೆ ಸೇಡಂನ ಸಿಮೆಂಟ್ ಅಂಗಡಿಯೊಂದರಲ್ಲಿ ಹಮಾಲಿ. ತೊಡೆಸಂದಿನಲ್ಲಿ ಹರ್ನಿಯಾ ಆಗಿ, ಕಲಬುರಗಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಬಲೆ ಇಟ್ಟು ಹೊಲಿದು ಕಳಿಸಿದ್ದರು. ಮನೆಗೆ ಬಂದು ಎರಡು ದಿನವಾಗಿತ್ತು. ನಾನು ಪುಸ್ತಕ ಜೋಡಿಸಿಕೊಳ್ಳುತ್ತಾ, “ಹಚ್ಚಲಿ ಬಿಡಪ್ಪ, ನಾವೆಲ್ಲ ಎಣ್ಣಿ ಹಚ್ಚಿಕೊಂಡೇ ಬೆಳದೀವಿ, ಏನೂ ಆಗೂದಿಲ್ಲ” ಎಂದುಬಿಟ್ಟೆ.

ವಾರ ಕಳೆಯುವುದರೊಳಗೆ ಹುಡುಗ ಶಾಲೆ ತಪ್ಪಿಸಿದ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಪಟ್ಟಿ ಬಿಚ್ಚಿ, ಅರಿಶಿನ ಹಾಕಿ ಬಿಸಿ ಮಾಡಿದ ಎಣ್ಣೆಯನ್ನು ಎರಡು ಹೊತ್ತು ಹಚ್ಚಿದ್ದಾರೆ. ಹೊಲಿಗೆಯ ಒಂದು ತುದಿಯಲ್ಲಿ ಕೀವು ಕಟ್ಟಿ, ಜ್ವರ ಬಂದು, ಮತ್ತೆ ಆಸ್ಪತ್ರೆಗೆ ಹೋಗಿದ್ದಾರೆ. ವೈದ್ಯರು ಒಂದು ಹೊಲಿಗೆ ಬಿಚ್ಚಿ ತೊಳೆದು ಔಷಧ ಕೊಟ್ಟರು. ಪುಣ್ಯಕ್ಕೆ ಸೋಂಕು ಒಳಗಿನ ಬಲೆಯವರೆಗೆ ಇಳಿದಿರಲಿಲ್ಲ. ಆದರೆ ಹಮಾಲಿಗೆ ಮೂರು ವಾರದ ಕೂಲಿ ಹೋಯಿತು. ನಾನು ಹೋಗಿ ಕೇಳಿದಾಗ ಆ ವೈದ್ಯರು ಹೇಳಿದ ಮಾತು ವಿಜ್ಞಾನದ ಮೇಷ್ಟ್ರಿಗೆ ಪಾಠದಂತಿತ್ತು: “ಎಣ್ಣೆಯಿಂದಲೇ ಹೀಗಾಯಿತು ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಎಣ್ಣೆ ಹಚ್ಚದವರಿಗೂ ಸೋಂಕು ತಗಲುತ್ತದೆ. ಆದರೆ ಈ ಎಣ್ಣೆಯಿಂದ ಅವರಿಗೆ ಉಪಕಾರವಂತೂ ಆಗಲಿಲ್ಲ.”

ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಕೊಟ್ಟದ್ದು ಯೋಚಿಸದ ಉತ್ತರ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಹೊಟ್ಟೆಯೊಳಗೊಂದು ಬಲೆ

ನಮ್ಮ ಹೊಟ್ಟೆಯ ಮುಂಭಾಗದ ಗೋಡೆ ಸ್ನಾಯು ಮತ್ತು ಗಟ್ಟಿ ಪೊರೆಗಳ ಪದರಗಳಿಂದ ಆದದ್ದು. ಈ ಗೋಡೆಯಲ್ಲಿ ಎಲ್ಲಾದರೂ ಬಿರುಕು ಅಥವಾ ತೆಳುವಾದ ಜಾಗವಿದ್ದರೆ ಒಳಗಿನ ಕೊಬ್ಬು ಇಲ್ಲವೇ ಕರುಳಿನ ಸುರುಳಿ ಅಲ್ಲಿಂದ ಹೊರಗೆ ಉಬ್ಬುತ್ತದೆ. ಇದೇ ಹರ್ನಿಯಾ. ಸೈಕಲ್ ಟಯರಿನಲ್ಲಿ ಸೀಳು ಬಿಟ್ಟ ಕಡೆ ಒಳಗಿನ ಟ್ಯೂಬು ಗುಳ್ಳೆಯಂತೆ ಉಬ್ಬುವುದನ್ನು ನೀವು ನೋಡಿರಬಹುದು. ಸರಿಸುಮಾರು ಅದೇ ರೀತಿ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 3 ಮಂದಿಗೆ ಜೀವಮಾನದಲ್ಲಿ ಒಮ್ಮೆ ತೊಡೆಸಂದಿನ ಹರ್ನಿಯಾ ಆಗುತ್ತದೆಂಬ ಅಂದಾಜಿದೆ. ಭಾರ ಎತ್ತುವುದೊಂದೇ ಇದಕ್ಕೆ ಕಾರಣವಲ್ಲ. ಹುಟ್ಟಿನಿಂದಲೇ ಉಳಿದ ಸಂದು, ವಯಸ್ಸಿನೊಡನೆ ಸಡಿಲವಾಗುವ ಪೊರೆ, ಬಿಡದ ಕೆಮ್ಮು, ಮಲಬದ್ಧತೆ, ಮೂತ್ರ ವಿಸರ್ಜನೆಗೆ ತಿಣುಕುವುದು ಇವೆಲ್ಲವೂ ಸೇರುತ್ತವೆ. ಆದರೆ 50 ಕಿಲೋ ಸಿಮೆಂಟ್ ಚೀಲ ಹೊರುವವನಿಗೂ, ಶಹಾಬಾದಿನ ಹಾಸುಗಲ್ಲು ಎತ್ತುವವನಿಗೂ ಹರ್ನಿಯಾ ಎಂದರೆ ದುಡಿಮೆಯೇ ನಿಂತಂತೆ.

ಇಟಲಿಯ ಎಡ್ವಾರ್ಡೋ ಬಾಸಿನಿ ಎಂಬ ಶಸ್ತ್ರವೈದ್ಯ 1880ರ ದಶಕದಲ್ಲಿ ಇದನ್ನು ಪದರ ಪದರವಾಗಿ ಹೊಲಿಯುವ ಕ್ರಮ ರೂಪಿಸಿದ. ಹರಿದ ಅಂಗಿಯ ಎರಡು ಅಂಚುಗಳನ್ನು ಎಳೆದು ಹೊಲಿದರೆ ಏನಾಗುತ್ತದೆ? ಎಳೆತಕ್ಕೆ ಮತ್ತೆ ಬಿಡುತ್ತದೆ. ಹರ್ನಿಯಾದಲ್ಲೂ ಹಲವರಿಗೆ ಹಾಗೆಯೇ ಆಗುತ್ತಿತ್ತು. ಎಳೆಯದೆ ತೇಪೆ ಹಾಕಿದರೆ? 1958ರಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಬಲೆಯನ್ನು ತೇಪೆಯಾಗಿ ಬಳಸಿದ ವರದಿ ಪ್ರಕಟಿಸಿದ. ಮೊದಲು ಪಾಲಿಎಥಿಲೀನ್, ಕೆಲವೇ ವರ್ಷಗಳಲ್ಲಿ ಪಾಲಿಪ್ರೊಪಿಲೀನ್. 1980ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಇರ್ವಿಂಗ್ ಲಿಕ್ಟೆನ್‌ಸ್ಟೀನ್ ಎಳೆತವಿಲ್ಲದೆ ಬಲೆ ಹೊದಿಸುವ ಸರಳ ವಿಧಾನವನ್ನು ಜನಪ್ರಿಯಗೊಳಿಸಿದ. ಇಂದು ಜಗತ್ತಿನಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಅವುಗಳಲ್ಲಿ ಬಲೆಯ ಬಳಕೆ ಸಾಮಾನ್ಯ ಸಂಗತಿ.

ಪಾಲಿಪ್ರೊಪಿಲೀನ್ ಎಂಬ ಹೆಸರು ಕೇಳಿ ಅಂಜಬೇಡಿ. ಅದು ನಮ್ಮೂರಿಗೆ ಹೊಸದಲ್ಲ. ಮಳಖೇಡ, ಸೇಡಂ, ವಾಡಿಯ ಕಾರ್ಖಾನೆಗಳಿಂದ ಹೊರಡುವ ಸಿಮೆಂಟಿನ ನೇಯ್ದ ಚೀಲ ಸಾಮಾನ್ಯವಾಗಿ ಇದೇ ಪ್ಲಾಸ್ಟಿಕ್ಕಿನದು. 1954ರಲ್ಲಿ ಇಟಲಿಯ ಜೂಲಿಯೋ ನಟ್ಟಾ ಇದರ ಅಣುಗಳನ್ನು ಒಪ್ಪವಾಗಿ ಜೋಡಿಸುವ ಬಗೆ ಕಂಡುಕೊಂಡ. ಪಾಲಿಮರ್‌ಗಳ ಮೇಲಿನ ಕೆಲಸಕ್ಕಾಗಿ ಆತನಿಗೆ ಜರ್ಮನಿಯ ಕಾರ್ಲ್ ಜೀಗ್ಲರ್ ಜೊತೆ 1963ರ ನೊಬೆಲ್ ಪಾರಿತೋಷಕ ದೊರೆಯಿತು. ಆ ಹುಡುಗನ ತಂದೆ ಬೆನ್ನ ಮೇಲೆ ಹೊತ್ತ ಚೀಲಕ್ಕೂ ಈಗ ಹೊಟ್ಟೆಯಲ್ಲಿ ಹೊತ್ತಿರುವ ಬಲೆಗೂ ರಸಾಯನಶಾಸ್ತ್ರದಲ್ಲಿ ನಂಟಿದೆ!

ಬಡವರಿಗೆ ಈ ಬಲೆಯ ಬೆಲೆಯೇ ಭಾರ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೊಂಗಾವ್‌ಕರ್ ಮತ್ತು ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧೀಕರಿಸಿ ಬಳಸಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಶಿಸ್ತಿನ ಹೋಲಿಕೆ ನಡೆಯಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಒಂದು ವರ್ಷದ ನಂತರ ಸೊಳ್ಳೆಪರದೆಯ ಬಲೆಗೂ ದುಬಾರಿ ಬಲೆಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮನೆಮದ್ದಿನಂಥ ಸರಳ ವಸ್ತುವೂ ಪರೀಕ್ಷೆಗೆ ನಿಂತು ಗೆದ್ದರೆ ವಿಜ್ಞಾನ ಅದನ್ನು ಒಪ್ಪುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಎಣ್ಣೆಯನ್ನೂ ಅದೇ ತಕ್ಕಡಿಯಲ್ಲಿ ತೂಗೋಣ.

ಗಾಯ ಮಾಯುವ ಬಗೆ

ಕತ್ತಿ ತಾಗಿದ ಕ್ಷಣದಿಂದಲೇ ದೇಹದ ಕೆಲಸ ಆರಂಭವಾಗುತ್ತದೆ. ಮೊದಲು ರಕ್ತದ ಕಿರುತಟ್ಟೆಗಳು ಮತ್ತು ಫೈಬ್ರಿನ್ ಎಳೆಗಳು ಸೋರಿಕೆಯನ್ನು ಕಟ್ಟಿಹಾಕುತ್ತವೆ. ನಂತರ ಬಿಳಿ ರಕ್ತಕಣಗಳು ಬಂದು ರೋಗಾಣು ಮತ್ತು ಸತ್ತ ಜೀವಕೋಶಗಳನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಮೊದಲ ಮೂರು ನಾಲ್ಕು ದಿನ ಗಾಯದ ಸುತ್ತ ಕೊಂಚ ಕೆಂಪು, ಬಾವು, ಬಿಸಿ ಇರುವುದು ಇದರಿಂದಲೇ. ಆಮೇಲೆ ಕಟ್ಟೋಣದ ಹಂತ. ಹೊಸ ರಕ್ತನಾಳಗಳು ಚಿಗುರುತ್ತವೆ, ಕೊಲಾಜೆನ್ ಎಂಬ ಪ್ರೋಟೀನಿನ ಹುರಿ ನೇಯಲ್ಪಡುತ್ತದೆ. ಕೊನೆಯದು ತಿದ್ದುವ ಹಂತ. ಅಡ್ಡಾದಿಡ್ಡಿ ಹಾಕಿದ ಹುರಿಗಳನ್ನು ದೇಹ ಎಳೆತದ ದಿಕ್ಕಿಗೆ ಹೊಂದಿಸಿ ಬಿಗಿ ಮಾಡುತ್ತದೆ. ಇದಕ್ಕೆ ಒಂದು ವರ್ಷವೂ ಹಿಡಿಯಬಹುದು.

ಅಂಚು ಕೂಡಿಸಿ ಹೊಲಿದ ಗಾಯದಲ್ಲಿ ಮೇಲ್ಚರ್ಮದ ತೆಳು ಪೊರೆ ಒಂದೆರಡು ದಿನಗಳಲ್ಲೇ ಕೂಡಿಕೊಳ್ಳುತ್ತದೆ. ನೋಡಿದವರು ‘ಮಾಯ್ತು’ ಎನ್ನುತ್ತಾರೆ. ಆದರೆ ಮೂರು ವಾರಕ್ಕೆ ಅಲ್ಲಿನ ಬಲ ಮೂಲ ಚರ್ಮದ ಕಾಲುಭಾಗದಷ್ಟೇ. ಮೂರು ತಿಂಗಳಿಗೆ ಸುಮಾರು ಶೇಕಡಾ 80. ಪೂರ್ತಿ ನೂರು ಎಂದೂ ಆಗುವುದಿಲ್ಲ.

ಒಳಗೆ ಬಲೆ ಇದ್ದಾಗ ಇನ್ನೊಂದು ಕೆಲಸವೂ ನಡೆಯುತ್ತದೆ. ದೇಹ ಬಲೆಯನ್ನು ಪರಕೀಯ ವಸ್ತು ಎಂದು ಗುರುತಿಸಿ ಸುತ್ತುವರಿಯುತ್ತದೆ. ಬಲೆಯ ಕಣ್ಣುಗಳೊಳಗೆ ಜೀವಕೋಶಗಳು ನುಗ್ಗಿ ಕೊಲಾಜೆನ್ ತುಂಬುತ್ತವೆ. ಕಬ್ಬಿಣದ ಸರಳಿನ ಜಾಲಕ್ಕೆ ಕಾಂಕ್ರೀಟ್ ಸುರಿದಂತೆ ಬಲೆ ಮತ್ತು ಅಂಗಾಂಶ ಒಂದಾಗುತ್ತವೆ. ಆದ್ದರಿಂದಲೇ ಬಲೆಯ ಕಣ್ಣು ಸಾಕಷ್ಟು ದೊಡ್ಡದಿರಬೇಕು. ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್ ಗಾತ್ರದ್ದು. ಹತ್ತು ಮೈಕ್ರಾನ್‌ಗಿಂತ ಕಿರಿದಾದ ಸಂದಿಯಲ್ಲಿ ಅದು ನುಸುಳಬಲ್ಲದು, ಅದನ್ನು ನುಂಗಬೇಕಾದ ದೊಡ್ಡ ರಕ್ಷಕ ಕಣ ನುಸುಳಲಾರದು. ಕಳ್ಳ ತೂರಿದ ಕಿಂಡಿಯಲ್ಲಿ ಪೊಲೀಸ್ ತೂರಲಾಗದಂತೆ!

ಬಲೆಗೆ ಸೋಂಕು ತಗಲುವುದು ಅಪರೂಪ. ತಗಲಿದರೆ ಮಾತ್ರ ಕಷ್ಟ. ಬ್ಯಾಕ್ಟೀರಿಯಾಗಳು ಪ್ಲಾಸ್ಟಿಕ್ ಎಳೆಗೆ ಅಂಟಿ, ಮೇಲೆ ಲೋಳೆಯ ಹೊದಿಕೆ ಹೊದ್ದು ಕೂರುತ್ತವೆ. ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕೆಲವೊಮ್ಮೆ ಬಲೆಯನ್ನೇ ತೆಗೆಯಬೇಕಾಗುತ್ತದೆ. ಸಾಮಾನ್ಯ ತರಚುಗಾಯಕ್ಕೂ ಬಲೆ ಇಟ್ಟ ಗಾಯಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಇದನ್ನೇ ನಾನು ಅಂದು ಮರೆತದ್ದು.

ಎಣ್ಣೆಯಲ್ಲಿ ಗುಣವಿಲ್ಲವೇ?

ಇದೆ. ಆಯಿ ಹೇಳಿದ್ದರಲ್ಲಿ ತಿರುಳಿಲ್ಲ ಎನ್ನುವಂತಿಲ್ಲ. ಸುಶ್ರುತ ಸಂಹಿತೆಯು ಗಾಯದ ಆರೈಕೆಗೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಅವುಗಳಲ್ಲಿ ತೈಲವೂ ಒಂದು. ಎಳ್ಳೆಣ್ಣೆಯಲ್ಲಿ ಬೇವು, ಅರಿಶಿನ, ಜಾಜಿ ಎಲೆ ಮುಂತಾದುವನ್ನು ಹಾಕಿ ಕಾಯಿಸುವ ಜಾತ್ಯಾದಿ ತೈಲವನ್ನು ಆಯುರ್ವೇದ ವೈದ್ಯರು ಇಂದಿಗೂ ಬಳಸುತ್ತಾರೆ. 2011ರಲ್ಲಿ ಮುಂಬಯಿಯ ಸಂಶೋಧಕರು ಇಲಿಗಳ ತೆರೆದ ಗಾಯಕ್ಕೆ ಈ ತೈಲ ಹಚ್ಚಿದಾಗ ಅವು ಬೇಗ ಮಾಯ್ದದ್ದನ್ನು ವರದಿ ಮಾಡಿದರು. ಒಣಗಿದ ಗಾಯಕ್ಕಿಂತ ತೇವ ಉಳಿಸಿಕೊಂಡ ಗಾಯದಲ್ಲಿ ಹೊಸ ಚರ್ಮ ಬೇಗ ಹಬ್ಬುತ್ತದೆಂದು ಜಾರ್ಜ್ ವಿಂಟರ್ ಎಂಬಾತ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದ. ಎಣ್ಣೆ ತೇವ ಆರದಂತೆ ತಡೆಯುತ್ತದೆ ಎಂಬುದು ನಮ್ಮ ಅಜ್ಜಿಯರ ಅನುಭವ.

ಈಗ ನಮ್ಮ ಕುಸುಬೆಯನ್ನೇ ನೋಡಿ. ಬಿಳಿಜೋಳದ ಹೊಲದ ಸುತ್ತ ಮುಳ್ಳುಬೇಲಿಯಂತೆ ಬಿತ್ತುತ್ತಿದ್ದ ಬೆಳೆ ಇದು. ಈಗ ಮೊದಲಿನಷ್ಟು ಕಾಣುವುದಿಲ್ಲ. ಸಾಂಪ್ರದಾಯಿಕ ಕುಸುಬೆ ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ, ಬಾಲ ಎಲ್ಲ ಹೊಪ್ಪಳೆ ಎದ್ದವು. ಲಿನೋಲಿಯಿಕ್ ಆಮ್ಲ ಕೊಟ್ಟಾಗ ಸರಿಹೋದವು. ದೇಹ ತಾನೇ ತಯಾರಿಸಿಕೊಳ್ಳಲಾರದ, ಆದರೆ ಚರ್ಮದ ಹೊರಗೋಡೆಗೆ ಬೇಕೇ ಬೇಕಾದ ಆಮ್ಲ ಇದು. ಬಾಂಗ್ಲಾದೇಶದ ಢಾಕಾದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಇದೇ ಆಮ್ಲ ಹೆಚ್ಚಾಗಿರುವ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಶೇಕಡಾ 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ಗುಣವಿದ್ದ ಮೇಲೆ ಹಚ್ಚಿದರೇನು ತಪ್ಪು ಎನ್ನುತ್ತೀರಾ? ಪ್ರಯೋಗಗಳನ್ನು ಇನ್ನೊಮ್ಮೆ ಗಮನಿಸಿ ಓದಿ. ಢಾಕಾದ ಕೂಸುಗಳಿಗೆ ಎಣ್ಣೆ ಸವರಿದ್ದು ಕತ್ತರಿಸದ ಚರ್ಮಕ್ಕೆ. ಇಲಿಗಳಲ್ಲಿ ಇದ್ದದ್ದು ತೆರೆದ ಗಾಯ, ಒಳಗೆ ಬಲೆ ಇರಲಿಲ್ಲ. ಎಣ್ಣೆಯೂ ಪ್ರಯೋಗಾಲಯದ ಅಳತೆಯಂತೆ ತಯಾರಾದದ್ದು. ಒಂದು ಕಡೆ ಸಿಕ್ಕ ಉತ್ತರವನ್ನು ಇನ್ನೊಂದು ಕಡೆಗೆ ಹಾಗೆಯೇ ಎತ್ತಿಕೊಂಡು ಹೋಗುವಂತಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಸರಿಯಾಗಿ ಓದದೆ ಉತ್ತರ ಬರೆದರೆ ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ಆರೋಗ್ಯ.

ಹಸಿ ಹೊಲಿಗೆಗೆ ಏಕೆ ಬೇಡ?

ಮೊದಲನೆಯದಾಗಿ, ಹೊರಗೆ ಹಚ್ಚಿದ ಎಣ್ಣೆ ಬಲೆಯನ್ನು ತಲುಪುವುದೇ ಇಲ್ಲ. ಎಣ್ಣೆಯ ಅಣುತೂಕ ಸುಮಾರು 880. ಅಣುತೂಕ 500 ಮೀರಿದ ವಸ್ತುಗಳು ಚರ್ಮದ ಹೊರಪದರ ದಾಟಿ ಒಳಗಿಳಿಯುವುದು ಬಹಳ ಕಷ್ಟ. ಬಲೆ ಇರುವುದು ಚರ್ಮ, ಕೊಬ್ಬು, ಗಟ್ಟಿ ಪೊರೆ ಇವೆಲ್ಲದರ ಕೆಳಗೆ. ‘ಎಣ್ಣೆ ಇಳಿದು ಒಳಗಿನ ಗಾಯ ಮಾಯುತ್ತದೆ’ ಎಂಬ ನಂಬಿಕೆಗೆ ಆಧಾರವಿಲ್ಲ. ಹೊಲಿಗೆಯ ಸಂದಿ ಇನ್ನೂ ಹಸಿಯಾಗಿದ್ದು ಎಣ್ಣೆಯೇನಾದರೂ ಒಳಗೆ ಹೋದರೆ ಅದೂ ಒಂದು ಪರಕೀಯ ವಸ್ತುವೇ.

ಎರಡನೆಯದಾಗಿ, ಎಣ್ಣೆ ಅಂಟನ್ನು ಸಡಿಲಿಸುತ್ತದೆ. ಈಗ ಹಲವು ಕಡೆ ಚರ್ಮದ ಅಂಚನ್ನು ಅಂಟುಪಟ್ಟಿಯಿಂದಲೋ ವಿಶೇಷ ಅಂಟಿನಿಂದಲೋ ಕೂಡಿಸುತ್ತಾರೆ. ಹೊಲಿಗೆಯ ಮೇಲಿನ ಪಟ್ಟಿಯೂ ಅಂಟಿನ ಬಲದಿಂದಲೇ ನಿಂತಿರುತ್ತದೆ. ಎಣ್ಣೆ ತಾಗಿದರೆ ಅಂಚು ಏಳುತ್ತದೆ, ಬೆವರು ಮತ್ತು ದೂಳು ಒಳಸೇರುತ್ತವೆ. ಎಣ್ಣೆ ಸವರಿದ ಮೈಗೆ ಸಿಮೆಂಟ್ ದೂಳು ಹೇಗೆ ಮೆತ್ತುತ್ತದೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದಾಗಿ, ಬಣ್ಣ. ಅರಿಶಿನದ ಎಣ್ಣೆ ಹಚ್ಚಿದ ಗಾಯವೆಲ್ಲ ಹಳದಿ. ಕೆಂಪೇರಿದೆಯೇ, ಒಸರುತ್ತಿರುವುದು ನೀರೋ ಕೀವೋ ಎಂದು ಹೇಗೆ ತಿಳಿಯಬೇಕು? ಆ ಹುಡುಗನ ಮನೆಯಲ್ಲಿ ಎರಡು ದಿನ ಯಾರ ಗಮನಕ್ಕೂ ಬಾರದೆ ಹೋದದ್ದು ಇದರಿಂದಲೇ.

ನಾಲ್ಕನೆಯದಾಗಿ, ಕೆಲವರ ಚರ್ಮಕ್ಕೆ ಎಣ್ಣೆಯೇ ಆಗಿಬರುವುದಿಲ್ಲ. ಬೇವಿನ ಎಣ್ಣೆಯಂಥವು ಕೆಲವರಿಗೆ ಉರಿ, ತುರಿಕೆ, ದದ್ದು ತರುತ್ತವೆ. ತುರಿಸಿದರೆ ಗಾಯಕ್ಕೆ ಉಗುರು ತಾಗುತ್ತದೆ. ಬೇವಿನ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯವೂ ಉಂಟು. ಬಾಟಲಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ.

“ಎಣ್ಣೆ ಕಾಯಿಸಿದ್ದೆವಲ್ಲ?”

ಮನೆಯವರು ನನ್ನನ್ನು ಕೇಳಿದ ಪ್ರಶ್ನೆ ಇದು. ನ್ಯಾಯವಾದದ್ದೇ. ಕಾಯಿಸಿದರೆ ರೋಗಾಣು ಸಾಯುವುದಿಲ್ಲವೇ?

ಎಣ್ಣೆಯಲ್ಲಿ ನೀರಿನ ಅಂಶವಿಲ್ಲದ್ದರಿಂದ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವುದು ಕಷ್ಟ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಚಿಪ್ಪಿನ ಬೀಜಕಗಳಾಗಿ ತಿಂಗಳುಗಟ್ಟಲೆ ಸುಮ್ಮನಿರಬಲ್ಲವು. ಮಣ್ಣು, ದೂಳು, ಪುಡಿ ಮಾಡಿದ ಮಸಾಲೆ, ಅರಿಶಿನದಲ್ಲೂ ಅವು ಇರುತ್ತವೆ. ಆಸ್ಪತ್ರೆಯಲ್ಲಿ ಉಪಕರಣಗಳನ್ನು ಶುದ್ಧೀಕರಿಸುವುದು ಒತ್ತಡದ ಹಬೆಯಿಂದ, ನಮ್ಮ ಪ್ರೆಷರ್ ಕುಕ್ಕರಿನ ತತ್ವದಲ್ಲಿ. ಎಣ್ಣೆಯ ಮಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಎಣ್ಣೆಯೊಳಗೆ ಹಬೆ ನುಗ್ಗುವುದೇ ಇಲ್ಲ. ಅದಕ್ಕೇ ಎಣ್ಣೆಯನ್ನು ಬಿಸಿಗಾಳಿಯ ಒಲೆಯಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಡುವ ಕ್ರಮವಿದೆ. ಸೌಟಿನಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಆ ಕೆಲಸ ಆಗುವುದಿಲ್ಲ. ಮೇಲಾಗಿ, ಆರಿದ ಎಣ್ಣೆಯನ್ನು ಅದ್ದಿದ ಬಟ್ಟೆ ಯಾವುದು, ಬೆರಳು ಯಾವುದು? ಅಲ್ಲಿಗೆ ಕಾಯಿಸಿದ್ದೂ ವ್ಯರ್ಥ.

ಮಳಖೇಡದಲ್ಲಿ ನಡೆದ ಹಳೆಯ ಚರ್ಚೆ

ಯಾವ ಮದ್ದು ಹಿತ, ಯಾವುದು ಅಹಿತ ಎಂಬ ವಾದ ನಮ್ಮೂರಿಗೆ ಹೊಸದಲ್ಲ. ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದದ್ದು ನಮ್ಮ ಮಕ್ಕಳಿಗೆ ಗೊತ್ತು. ಅದೇ ಕಾಲದ ಉಗ್ರಾದಿತ್ಯಾಚಾರ್ಯರ ಹೆಸರು ಅಷ್ಟಾಗಿ ಪರಿಚಿತವಲ್ಲ. ಈ ಜೈನ ಮುನಿ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥ ರಚಿಸಿದರು. ಮದ್ಯ, ಮಾಂಸ, ಜೇನು ಇವನ್ನು ಬಿಟ್ಟು ಔಷಧ ಹೇಳುವುದು ಅದರ ವಿಶೇಷ. ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಮುದ್ರಣಗೊಂಡಿತು. ಅದರ ಕೊನೆಗೆ ‘ಹಿತಾಹಿತ’ ಎಂಬ ಅಧ್ಯಾಯವಿದೆ. ನೃಪತುಂಗನ ಆಸ್ಥಾನದಲ್ಲಿ ನೆರೆದ ವಿದ್ವಾಂಸರು, ವೈದ್ಯರ ಮುಂದೆ ಔಷಧವಾಗಿ ಮಾಂಸ ಬೇಕಿಲ್ಲವೆಂದು ಉಗ್ರಾದಿತ್ಯರು ವಾದಿಸಿದ್ದು ಅದರಲ್ಲಿದೆ.

ಅವರ ವಾದವನ್ನು ಇಂದು ನಾವು ಒಪ್ಪಬೇಕೆಂದಿಲ್ಲ, ಬಿಡಬೇಕೆಂದೂ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ವೈದ್ಯರು ಸಭೆಯಲ್ಲಿ ಕುಳಿತು, ಮದ್ದಿಗೆ ಕಾರಣ ಕೇಳಿ, ಕಾರಣ ಕೊಟ್ಟು ಚರ್ಚಿಸಿದರು ಎಂಬುದು. ‘ಹಿತಾಹಿತ’ ಎಂಬ ಹೆಸರೂ ಅರ್ಥಪೂರ್ಣ. ಒಂದೇ ವಸ್ತು ಒಂದು ಹೊತ್ತಿನಲ್ಲಿ ಹಿತ, ಇನ್ನೊಂದು ಹೊತ್ತಿನಲ್ಲಿ ಅಹಿತ ಆಗಬಹುದು. ಆ ಹುಡುಗನಿಗೆ ಬೇಕಾಗಿದ್ದ ಉತ್ತರವೂ ಇದರಲ್ಲೇ ಇದೆ. ಎಣ್ಣೆಗೆ ಒಂದು ಕಾಲವಿದೆ, ಹಸಿ ಹೊಲಿಗೆಯ ಕಾಲ ಅದಲ್ಲ.

ಮದ್ದು ತಟ್ಟೆಯಲ್ಲಿದೆ

ಗಾಯವನ್ನು ಮಾಯಿಸುವ ಸಾಮಗ್ರಿ ಬರುವುದು ರಕ್ತದ ಮೂಲಕ, ಅಂದರೆ ಊಟದ ಮೂಲಕ. ಇದಕ್ಕೊಂದು ಮೈ ನಡುಗಿಸುವ ಸಾಕ್ಷ್ಯವಿದೆ. 1740ರಲ್ಲಿ ಇಂಗ್ಲೆಂಡಿನ ಜಾರ್ಜ್ ಆ್ಯನ್ಸನ್ ಹಡಗುಗಳ ತಂಡದೊಂದಿಗೆ ಭೂಪ್ರದಕ್ಷಿಣೆಗೆ ಹೊರಟ. ತಿಂಗಳುಗಟ್ಟಲೆ ಹಣ್ಣು ತರಕಾರಿ ಇಲ್ಲದೆ ನಾವಿಕರಿಗೆ ಸ್ಕರ್ವಿ ಹಿಡಿಯಿತು. ಅವರಲ್ಲೊಬ್ಬ ಮುದುಕ 1690ರ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದವನು. ಮಾಯ್ದು ಐವತ್ತು ವರ್ಷವಾಗಿದ್ದ ಆ ಗಾಯಗಳು ಎಂದೂ ಮಾಯ್ದೇ ಇರಲಿಲ್ಲವೇನೋ ಎಂಬಂತೆ ಮತ್ತೆ ಬಿಚ್ಚಿಕೊಂಡವು! ಕೊಲಾಜೆನ್ ಹುರಿ ಬಿಗಿಯಾಗಲು ಸಿ ಜೀವಸತ್ವ ಬೇಕು. ಹಳೆಯ ಗಾಯದ ಕಲೆಯನ್ನೂ ದೇಹ ದಿನದಿನವೂ ರಿಪೇರಿ ಮಾಡುತ್ತಿರುತ್ತದೆ. ಸಾಮಗ್ರಿ ನಿಂತರೆ ರಿಪೇರಿಯೂ ನಿಲ್ಲುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಕಿತ್ತಳೆ, ನಿಂಬೆಯಿಂದ ಸ್ಕರ್ವಿ ವಾಸಿಯಾಗುವುದನ್ನು ಹೋಲಿಕೆಯ ಪ್ರಯೋಗದಿಂದ ತೋರಿಸಿದ.

ನಮ್ಮಲ್ಲಿ ಪಥ್ಯದ ಹೆಸರಿನಲ್ಲಿ ನಡೆಯುವುದೇನು? ‘ಬೇಳೆ ತಿಂದರೆ ಕೀವಾಗುತ್ತದೆ, ಹುಳಿ ತಿಂದರೆ ಗಾಯ ಮಾಯುವುದಿಲ್ಲ’ ಎಂದು ಶಸ್ತ್ರಚಿಕಿತ್ಸೆ ಆದವರಿಗೆ ವಾರಗಟ್ಟಲೆ ಬರೀ ಗಂಜಿ. ತೊಗರಿಯ ಕಣಜವೆನಿಸಿದ, 2019ರಲ್ಲಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಜಿಲ್ಲೆಯಲ್ಲೇ ರೋಗಿಗೆ ಬೇಳೆ ಇಲ್ಲ! ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬೇಳೆಯಿಂದ ಕೀವಾಗುವುದಿಲ್ಲ. ಕೀವಾಗುವುದು ರೋಗಾಣುವಿನಿಂದ. ವೈದ್ಯರು ಬೇರೆ ಕಾರಣಕ್ಕೆ ಬೇಡವೆನ್ನದಿದ್ದರೆ ಬೇಳೆ, ಹಾಲು, ಮೊಸರು, ಶೇಂಗಾ, ತಿನ್ನುವವರಿಗೆ ಮೊಟ್ಟೆ, ಜೊತೆಗೆ ನಿಂಬೆ, ನೆಲ್ಲಿ, ಪೇರಲ ಕೊಡಿ. ಕುಸುಬೆ ಎಣ್ಣೆಯನ್ನೂ ಒಗ್ಗರಣೆಗೆ ಬಳಸಿ. ಅದರ ಲಿನೋಲಿಯಿಕ್ ಆಮ್ಲ ಚರ್ಮಕ್ಕೆ ತಲುಪುವ ಹೆದ್ದಾರಿ ಅದೇ.

ಬೀಡಿ ಸೇದುವವರಿಗೆ ಒಂದು ಮಾತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯಕ್ಕೆ ಆಮ್ಲಜನಕ ಸಾಲದು. ಬೀಡಿಯ ಕೆಮ್ಮು ಹೊಟ್ಟೆಯ ಗೋಡೆಯನ್ನು ಒಳಗಿನಿಂದ ಗುದ್ದುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರದಿದ್ದರೆ ಬಿಳಿ ರಕ್ತಕಣಗಳ ಕೆಲಸ ಮಂದವಾಗುತ್ತದೆ. ಯಾವ ಎಣ್ಣೆಯೂ ಇವುಗಳಿಗೆ ಪರಿಹಾರವಲ್ಲ.

ಮಾಡಿ ನೋಡಿ

ವಿದ್ಯಾರ್ಥಿ ಮಿತ್ರರೇ, ಎರಡು ಸುಲಭ ಪ್ರಯೋಗಗಳು. ತ್ರಿಕೋನದೊಳಗೆ 5 ಎಂಬ ಅಂಕಿ ಇರುವ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದುಕೊಳ್ಳಿ. ಅದೇ ಪಾಲಿಪ್ರೊಪಿಲೀನ್. ಚೆನ್ನಾಗಿ ತೊಳೆದು ಒರೆಸಿ, ಒಂದು ಕಡೆ ನೀರಿನ ಹನಿ, ಇನ್ನೊಂದು ಕಡೆ ಎಣ್ಣೆಯ ಹನಿ ಹಾಕಿ. ನೀರು ಮುತ್ತಿನಂತೆ ನಿಲ್ಲುತ್ತದೆ, ಎಣ್ಣೆ ಹರಡುತ್ತದೆ. ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬಿಯ ಜಿಡ್ಡು, ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗದಿರುವುದು ಏಕೆಂದು ಆಗ ಹೊಳೆಯುತ್ತದೆ.

ಎರಡನೆಯದು: ಗಾಜಿನ ಲೋಟಕ್ಕೆ ಎರಡು ಅಂಟುಪಟ್ಟಿ ಹಚ್ಚಿ. ಒಂದರ ಅಂಚಿಗೆ ಮಾತ್ರ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಎರಡನ್ನೂ ಎಳೆದು ನೋಡಿ. ಯಾವುದು ಸುಲಭವಾಗಿ ಬರುತ್ತದೆ? ಎಣ್ಣೆ ಹಚ್ಚದ ಎರಡನೆಯ ಪಟ್ಟಿ ಏಕೆ ಬೇಕು ಎಂಬುದನ್ನೂ ಯೋಚಿಸಿ. ಹೋಲಿಕೆ ಇಲ್ಲದೆ ಪ್ರಯೋಗವಿಲ್ಲ.

ಪಾಲಕರ ಗಮನಕ್ಕೆ

* ಪಟ್ಟಿ ಯಾವಾಗ ಬಿಚ್ಚಬೇಕು, ಸ್ನಾನ ಯಾವಾಗ, ಭಾರ ಎತ್ತುವುದು ಯಾವಾಗ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ. ನಡೆದಾಡುವುದು ಒಳ್ಳೆಯದು, ಮಲಗಿಯೇ ಇರಬೇಕಿಲ್ಲ.

* ಗಾಯ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಹೊಲಿಗೆಗೆ ಎಣ್ಣೆ, ಅರಿಶಿನ, ಬೂದಿ, ಸೊಪ್ಪಿನ ರಸ ಹಚ್ಚಬೇಡಿ.

* ಕೆಂಪು ಹರಡುತ್ತಿದ್ದರೆ, ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಕೀವು, ದುರ್ವಾಸನೆ, ಜ್ವರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಬಲೆಯ ಸೋಂಕು ತಿಂಗಳುಗಳ ನಂತರವೂ ತಲೆದೋರಬಹುದು.

* ಉಬ್ಬು ಮತ್ತೆ ಬಂದು ಗಟ್ಟಿಯಾಗಿ, ಒಳಗೆ ಹೋಗದೆ, ವಾಂತಿ ಶುರುವಾದರೆ ಅದು ತುರ್ತು ಸ್ಥಿತಿ.

* ಹೊಲಿಗೆ ತೆಗೆದು, ಗಾಯ ಪೂರ್ತಿ ಮುಚ್ಚಿ, ಹೊಪ್ಪಳೆ ತಾನಾಗಿ ಉದುರಿದ ಮೇಲೆ ವೈದ್ಯರನ್ನು ಕೇಳಿ ಎಣ್ಣೆ ಸವರಬಹುದು. ಒಣಚರ್ಮದ ಬಿಗಿತ, ತುರಿಕೆ ತಗ್ಗುತ್ತದೆ. ಕಲೆ ಮಾಯವಾಗುತ್ತದೆಂದು ಮಾತ್ರ ನಂಬಬೇಡಿ.

ಐದನೆಯ ವಾರ ನಾನು ಅವರ ಮನೆಗೆ ಹೋದೆ. ಹುಡುಗನಿಗೆ ತಪ್ಪು ಉತ್ತರ ಕೊಟ್ಟದ್ದನ್ನು ಅವನ ತಂದೆಯ ಎದುರಿಗೇ ಒಪ್ಪಿಕೊಂಡೆ. ಆತ ನಕ್ಕು, “ನೀವರೆ ಏನ್ ಮಾಡ್ತೀರಿ ಸರ್, ಹಚ್ಚಿದವ್ರು ನಾವೇ” ಎಂದ. ಗಾಯ ಮುಚ್ಚಿತ್ತು, ವೈದ್ಯರೂ ಇನ್ನು ಎಣ್ಣೆ ಸವರಬಹುದು ಎಂದಿದ್ದರು. ಆದರೆ ಆಯಿ ಎಣ್ಣೆಯ ಬಟ್ಟಲು ಮುಟ್ಟಲು ಅಂಜುತ್ತಿದ್ದಳು. ತನ್ನಿಂದಲೇ ಮಗನಿಗೆ ಹೀಗಾಯಿತೆಂಬ ಕೊರಗು ಅವಳಿಗೆ.

“ಈಗರೆ ಹಚ್ಚಲೇನ್ರಿ ಮಾಸ್ತರ?” ಎಂದು ಮೆಲ್ಲಗೆ ಕೇಳಿದಳು.

“ಕೈ ತೊಳಕೊಂಡು ಹಚ್ಚ್ರಿ ಆಯಿ” ಎಂದೆ.